ಎಂಟೇ ಸಿಪಿಯು ಇರುವ ಸರ್ವರ್‌ನಲ್ಲಿ ಪರ್‌ಸಿಪಿಯು ಮೆಮೊರಿ 3 ಜಿಬಿ ಆಗೋದು ಹೇಗೆ?

ಓದುಗರೊಬ್ಬರ ಪ್ರಶ್ನೆ: "ಸರ್, ನಾನು ಒಂದು ಸಣ್ಣ ಕಂಪನಿಯಲ್ಲಿ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಎಲ್ಲವೂ ವರ್ಚುವಲ್ ಮಷೀನ್‌ಗಳೇ. ಒಂದೊಂದಕ್ಕೂ 8 ಸಿಪಿಯು, 32 ಜಿಬಿ ರ್‍ಯಾಮ್. ಕರ್ನಲ್ 5.10, ಸಿಗ್ರೂಪ್ ಆವೃತ್ತಿ 2. ಅದರ ಮೇಲೆ ಕಂಟೇನರ್‌ಗಳು ಓಡುತ್ತವೆ. ನಿಮಿಷಕ್ಕೊಮ್ಮೆ ಹುಟ್ಟಿ ಕೆಲಸ ಮುಗಿಸಿ ಸಾಯುವ ಸಣ್ಣ ಕಂಟೇನರ್‌ಗಳೂ ಇವೆ. ಕೆಲವು ವಾರ ಓಡಿದ ಮೇಲೆ ಮೆಮೊರಿ ಸಾಲದು ಅಂತ ಅಲರ್ಟ್ ಬರುತ್ತದೆ. ಟಾಪ್‌ನಲ್ಲಿ ಯಾವ ಪ್ರೋಸೆಸ್ಸೂ ಜಾಸ್ತಿ ತಿಂದಂತೆ ಕಾಣುವುದಿಲ್ಲ. ಹುಡುಕುತ್ತಾ ಹೋದಾಗ ಕರ್ನಲ್‌ನ ಮೆಮೊರಿ ಲೆಕ್ಕ ತೋರಿಸುವ ಮೆಮ್‌ಇನ್ಫೋದಲ್ಲಿ 'ಪರ್‌ಸಿಪಿಯು' ಅನ್ನುವ ಸಾಲು 29,85,984 ಕೆಬಿ ತೋರಿಸಿತು. ರೀಬೂಟ್ ಮಾಡಿದರೆ ಇಳಿಯುತ್ತದೆ, ಮತ್ತೆ ಏರುತ್ತದೆ. ಒಬ್ಬ ಸಹೋದ್ಯೋಗಿ ಇದು ಕರ್ನಲ್ ಲೀಕ್ ಅನ್ನುತ್ತಾರೆ. ಇನ್ನೊಬ್ಬರು ಬೂಟ್ ಆಗುವಾಗಲೇ ತೆಗೆದಿಟ್ಟ ಜಾಗ, ಏನೂ ಮಾಡಲು ಆಗುವುದಿಲ್ಲ ಅನ್ನುತ್ತಾರೆ. ಇದರ ಜೊತೆಗೆ ನಾನು ನೆಟ್‌ವರ್ಕ್ ಫ್ಲೋಗಳನ್ನು (ಒಂದೊಂದು ಸಂಪರ್ಕದ ಪ್ಯಾಕೆಟ್ ಸರಣಿ) ಎಣಿಸುವ ಒಂದು ಕರ್ನಲ್ ಮಾಡ್ಯೂಲ್ ಬರೆಯುತ್ತಿದ್ದೇನೆ. ಗರಿಷ್ಠ 50,000 ಫ್ಲೋ, ಪ್ರತಿಯೊಂದಕ್ಕೂ 64 ಬೈಟ್‌ನ ಪರ್‌ಸಿಪಿಯು ಕೌಂಟರ್. ಪರ್‌ಸಿಪಿಯು ಬಳಸಿದರೆ ಲಾಕ್ ಬೇಕಿಲ್ಲ ಅಂತ ಕೇಳಿದ್ದೇನೆ. ನಾನು ಸರಿ ದಾರಿಯಲ್ಲಿದ್ದೇನಾ?"

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಸರ್ವರ್‌ನಲ್ಲಿ ಮೆಮೊರಿ ಎಲ್ಲಿ ಹೋಗುತ್ತಿದೆ ಅನ್ನೋದು ಒಂದು. ಮಾಡ್ಯೂಲ್‌ನ ವಿನ್ಯಾಸ ಸರಿಯಾ ಅನ್ನೋದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಗುಣಾಕಾರದಲ್ಲಿದೆ. ಹಾಗಾಗಿ ಮೊದಲು ಆ ಗುಣಾಕಾರವನ್ನೇ ಮಾಡೋಣ. ಪರ್‌ಸಿಪಿಯು ಅಂದರೆ ಒಂದೇ ವಸ್ತುವಿಗೆ ಸಿಪಿಯುಗೊಂದರಂತೆ ಕರ್ನಲ್ ಇಟ್ಟುಕೊಳ್ಳುವ ಪ್ರತಿಗಳು.

ನಿಮ್ಮ ಮಷೀನ್‌ನಲ್ಲಿ ಸಿಸ್ ಡೈರೆಕ್ಟರಿಯೊಳಗೆ ಡಿವೈಸಸ್, ಸಿಸ್ಟಮ್, ಸಿಪಿಯು ಅಂತ ಇಳಿಯುತ್ತಾ ಹೋಗಿ. ಅಲ್ಲಿ 'ಆನ್‌ಲೈನ್' ಅಂತ ಒಂದು ಫೈಲ್ ಇದೆ, 'ಪಾಸಿಬಲ್' ಅಂತ ಇನ್ನೊಂದಿದೆ. ಎರಡನ್ನೂ ಓದಿ. ಆನ್‌ಲೈನ್‌ನಲ್ಲಿ 0-7 ಇರುತ್ತದೆ, ಅದು ನಿಮಗೆ ಗೊತ್ತಿರುವ ಎಂಟು. ಪಾಸಿಬಲ್‌ನಲ್ಲಿ 0-127 ಇದ್ದರೆ ನನಗೆ ಆಶ್ಚರ್ಯವಿಲ್ಲ. ನೀವು ಕಳಿಸಿದ ಬೂಟ್ ಲಾಗ್‌ನ ತುಣುಕಿನಲ್ಲಿ "128 ಸಿಪಿಯುಗಳಿಗೆ ಅವಕಾಶ, ಅದರಲ್ಲಿ 120 ಹಾಟ್‌ಪ್ಲಗ್" ಅನ್ನುವ ಅರ್ಥದ ಸಾಲು ಇದೆಯಲ್ವಾ, ಅದು ಹೇಳುತ್ತಿರುವುದೂ ಇದನ್ನೇ. ಮುಂದೆ ಯಾವತ್ತಾದರೂ ಮಷೀನ್ ನಿಲ್ಲಿಸದೆ ಸಿಪಿಯು ಸೇರಿಸಬಹುದು ಅಂತ ವರ್ಚುವಲ್ ಮಷೀನ್ ನಡೆಸುವ ಹೈಪರ್‌ವೈಸರ್, ಹಾರ್ಡ್‌ವೇರ್ ವಿವರವನ್ನು ಕರ್ನಲ್‌ಗೆ ತಿಳಿಸುವ ಎಸಿಪಿಐ ಟೇಬಲ್‌ನಲ್ಲಿ 128 ಸ್ಥಾನ ಬರೆದಿಟ್ಟಿದೆ. ಕರ್ನಲ್ ಅದನ್ನು ನಂಬುತ್ತದೆ.

ಕರ್ನಲ್‌ನ ಪರ್‌ಸಿಪಿಯು ಅಲೊಕೇಟರ್ ಜಾಗ ಕೊಡುವುದು ಆನ್‌ಲೈನ್ ಸಿಪಿಯುಗಳ ಲೆಕ್ಕದಲ್ಲಲ್ಲ, ಪಾಸಿಬಲ್ ಲೆಕ್ಕದಲ್ಲಿ. ಈಗ ಭಾಗಿಸಿ ನೋಡಿ. 29,85,984 ಕೆಬಿಯನ್ನು 128ರಿಂದ ಭಾಗಿಸಿದರೆ ಶೇಷವಿಲ್ಲದೆ 23,328 ಕೆಬಿ ಬರುತ್ತದೆ. ಅಂದರೆ ಒಂದು ಸಿಪಿಯು ಪಾಲಿಗೆ ಸುಮಾರು 23 ಎಂಬಿ. ಶೇಷ ಇಲ್ಲದಿರುವುದು ಕಾಕತಾಳೀಯವಲ್ಲ. ಅಲೊಕೇಟರ್ ಒಂದು ಪೇಜ್ (4 ಕೆಬಿಯ ಮೆಮೊರಿ ತುಂಡು) ತಂದರೆ ಎಲ್ಲ ಪಾಸಿಬಲ್ ಸಿಪಿಯುಗಳಿಗೂ ಒಂದೊಂದು ಪೇಜ್ ತರುತ್ತದೆ. ಇದೇ ಮಷೀನ್‌ನಲ್ಲಿ ಪಾಸಿಬಲ್ ಎಂಟೇ ಇದ್ದಿದ್ದರೆ ಇದೇ ಕೆಲಸಕ್ಕೆ 1,86,624 ಕೆಬಿ ಸಾಕಾಗುತ್ತಿತ್ತು, ಸುಮಾರು 182 ಎಂಬಿ. ನಿಮಗೆ ಅಲರ್ಟ್ ಬರುತ್ತಲೇ ಇರಲಿಲ್ಲ.

ಇನ್ನೂ ಬಾರದ ಸಿಪಿಯುಗೆ ಯಾಕೆ ಜಾಗ ಕೊಡಬೇಕು ಅಂತ ನೀವು ಕೇಳಬಹುದು. ಕಾರಣ ಗಟ್ಟಿಯಾಗಿದೆ. ಸಿಪಿಯು ಬಂದಾಗ ಜಾಗ ಹುಡುಕುವುದಾದರೆ ಆ ಹೊತ್ತಿನಲ್ಲಿ ಮೆಮೊರಿ ಸಿಗದೇ ಇರಬಹುದು. ಆಗ ಪರ್‌ಸಿಪಿಯು ಬಳಸುವ ನೂರಾರು ಕಡೆಯ ಕೋಡ್ "ನನ್ನ ಪ್ರತಿ ಇದೆಯಾ ಇಲ್ಲವಾ" ಅಂತ ಪ್ರತಿ ಸಲ ಪರೀಕ್ಷೆ ಮಾಡಬೇಕಾಗುತ್ತದೆ. ಪರ್‌ಸಿಪಿಯುವಿನ ವೇಗ ನಿಂತಿರುವುದೇ ಆ ಪರೀಕ್ಷೆ ಇಲ್ಲದಿರುವುದರ ಮೇಲೆ.

ಆ ವೇಗ ಎಲ್ಲಿಂದ ಬರುತ್ತದೆ ಅನ್ನೋದನ್ನೂ ಹೇಳುತ್ತೇನೆ, ಯಾಕಂದರೆ ಮಾಡ್ಯೂಲ್ ವಿಷಯಕ್ಕೆ ಅದು ಬೇಕು. ಮದುವೆ ಮನೆಯಲ್ಲಿ ಮುಯ್ಯಿ ಬರೆಯಲು ಒಂದೇ ಪುಸ್ತಕ ಇದ್ದರೆ ಎಂಟು ಜನ ಬರೆಯುವವರಿದ್ದೂ ಸಾಲು ಕರಗುವುದಿಲ್ಲ, ಪುಸ್ತಕ ಕೈಯಿಂದ ಕೈಗೆ ಹೋಗುವುದರಲ್ಲೇ ಹೊತ್ತು ಹೋಗುತ್ತದೆ. ಸಿಪಿಯುಗಳ ನಡುವೆ ಹಾಗೆ ಓಡಾಡುವುದು ಕ್ಯಾಶ್ ಲೈನ್. ಎಕ್ಸ್86ರಲ್ಲಿ ಅದು 64 ಬೈಟ್. ಒಂದೇ ಕೌಂಟರ್‌ಗೆ ಎಲ್ಲ ಸಿಪಿಯುಗಳೂ ಬರೆಯುತ್ತಿದ್ದರೆ ಆ 64 ಬೈಟ್ ಪ್ರತಿ ಬರಹಕ್ಕೂ ಒಂದು ಕೋರ್‌ನಿಂದ ಇನ್ನೊಂದಕ್ಕೆ ಸಾಗಬೇಕು. ಒಬ್ಬೊಬ್ಬರಿಗೆ ಒಂದೊಂದು ಪ್ರತಿ ಕೊಟ್ಟರೆ ಈ ಓಡಾಟ ನಿಲ್ಲುತ್ತದೆ. ಕೊನೆಗೆ ಒಟ್ಟು ಬೇಕಾದಾಗ ಎಲ್ಲವನ್ನೂ ಕೂಡಿಸಿದರಾಯಿತು.

ಹಾಗಾಗಿ ಪರ್‌ಸಿಪಿಯು ಪಾಯಿಂಟರ್ ನಿಜವಾದ ವಿಳಾಸವಲ್ಲ, ಅದೊಂದು ದೂರದ ಲೆಕ್ಕ ಮಾತ್ರ. 64 ಬಿಟ್ ಎಕ್ಸ್86ರಲ್ಲಿ ಪ್ರತಿ ಸಿಪಿಯುವಿನ ಜಿಎಸ್ ರಿಜಿಸ್ಟರ್ ಅದರ ಸ್ವಂತ ಪ್ರದೇಶಕ್ಕೆ ಬುಡವಾಗಿರುತ್ತದೆ. ಅದಕ್ಕೆ ಈ ದೂರ ಸೇರಿಸಿದರೆ ನಿಮ್ಮ ಪ್ರತಿ ಸಿಕ್ಕಿತು. ಎಲ್ಲ ಸಿಪಿಯುಗಳಿಗೂ ಒಂದೇ ದೂರ ಹೊಂದಬೇಕಲ್ಲ, ಅದಕ್ಕೇ ಅಲೊಕೇಟರ್ ಜಾಗವನ್ನು ದೊಡ್ಡ ಚಂಕ್‌ಗಳಾಗಿ ಹಿಡಿದು, ಪ್ರತಿ ಚಂಕ್‌ನಲ್ಲಿ ಸಿಪಿಯುಗೊಂದು ಯೂನಿಟ್ ಇಡುತ್ತದೆ. ಈ ವ್ಯವಸ್ಥೆಯನ್ನು 2009ರಲ್ಲಿ ಬರೆದವರು ಟೆಜುನ್ ಹಿಯೋ. 2017ರಲ್ಲಿ ಡೆನ್ನಿಸ್ ಝೌ ಅದರ ಒಳಗಿನ ಲೆಕ್ಕವನ್ನು ಬಿಟ್‌ಮ್ಯಾಪ್‌ಗೆ ಬದಲಿಸಿದರು.

ಈಗ ನಿಮ್ಮ ಸಹೋದ್ಯೋಗಿಗಳ ಮಾತಿಗೆ ಬರೋಣ.

ಬೂಟ್‌ನಲ್ಲೇ ತೆಗೆದಿಟ್ಟ ಜಾಗ ಅನ್ನೋದು ಸ್ವಲ್ಪ ಮಾತ್ರ ನಿಜ. ನಿಮ್ಮ ಬೂಟ್ ಲಾಗ್‌ನಲ್ಲಿ ಪರ್‌ಸಿಪಿಯು ಸಾಲು ಸಿಪಿಯುಗೆ 56 ಪೇಜ್ ಅನ್ನುತ್ತದೆ. ಅದರಲ್ಲಿ 1,92,512 ಬೈಟ್ ಸ್ಥಿರ ಭಾಗ, 8,192 ಬೈಟ್ ಮಾಡ್ಯೂಲ್‌ಗಳಿಗೆ ಮೀಸಲು, 28,672 ಬೈಟ್ ಓಡುವಾಗ ಹಂಚಲು. ಕೂಡಿಸಿದರೆ ಸರಿಯಾಗಿ 56 ಪೇಜ್ ಆಗುತ್ತದೆ. 128ರಿಂದ ಗುಣಿಸಿದರೆ 28 ಎಂಬಿ. ಬೂಟ್‌ನಲ್ಲಿ ಹೋದದ್ದು ಅಷ್ಟೇ. ಉಳಿದದ್ದೆಲ್ಲ ಆಮೇಲೆ ಬೆಳೆದದ್ದು.

ಲೀಕ್ ಅನ್ನೋದೂ ಬಹುಶಃ ತಪ್ಪು. ಲೀಕ್ ಅಂದರೆ ಯಾರ ಕೈಯಲ್ಲೂ ಇಲ್ಲದ ಮೆಮೊರಿ. ನಿಮ್ಮಲ್ಲಿ ಅದನ್ನು ಹಿಡಿದುಕೊಂಡಿರುವವರು ಇದ್ದಾರೆ, ಕಣ್ಣಿಗೆ ಬೀಳುತ್ತಿಲ್ಲ ಅಷ್ಟೆ. ನನ್ನ ಮೊದಲ ಅನುಮಾನ ಸತ್ತ ಕಂಟೇನರ್‌ಗಳ ಸಿಗ್ರೂಪ್‌ಗಳ ಮೇಲೆ. ಸಿಗ್ರೂಪ್ ಅಂದರೆ ಕಂಟೇನರ್ ಬಳಸುವ ಮೆಮೊರಿ, ಸಿಪಿಯುಗಳ ಲೆಕ್ಕ ಇಡುವ ಕರ್ನಲ್‌ನ ಗುಂಪು. ಕಂಟೇನರ್ ಮುಗಿದಾಗ ಅದರ ಡೈರೆಕ್ಟರಿ ಮಾಯವಾಗುತ್ತದೆ. ಆದರೆ ಕರ್ನಲ್ ಒಳಗೆ ಆ ಮೆಮೊರಿ ಸಿಗ್ರೂಪ್ ತಕ್ಷಣ ಹೋಗುವುದಿಲ್ಲ. ಆ ಕಂಟೇನರ್ ಓದಿದ ಫೈಲ್‌ನ ಒಂದು ಪೇಜ್ ಕ್ಯಾಶ್‌ನಲ್ಲಿ ಉಳಿದಿದ್ದರೂ ಸಾಕು, ಆ ಪೇಜ್‌ನ ಲೆಕ್ಕ ಸತ್ತ ಸಿಗ್ರೂಪ್ ಹೆಸರಲ್ಲೇ ಇರುತ್ತದೆ, ಸಿಗ್ರೂಪ್ ಜೀವ ಹಿಡಿದುಕೊಂಡಿರುತ್ತದೆ. ಜೊತೆಗೆ ಅದರ ಪರ್‌ಸಿಪಿಯು ಅಂಕಿಅಂಶಗಳೂ. ಅವು ಸಿಪಿಯುಗೆ 2 ಕೆಬಿ ಅಂತಲೇ ಇಟ್ಟುಕೊಳ್ಳಿ. 128ರಿಂದ ಗುಣಿಸಿದರೆ ಒಂದು ಸಿಗ್ರೂಪ್‌ಗೆ 256 ಕೆಬಿ. ನಿಮಿಷಕ್ಕೊಂದು ಅಂದರೆ ದಿನಕ್ಕೆ 1,440 ಕಂಟೇನರ್. ಅವುಗಳಲ್ಲಿ ಅರ್ಧ ಉಳಿದುಕೊಂಡರೂ ಎರಡು ವಾರದಲ್ಲಿ ಹತ್ತು ಸಾವಿರ ದಾಟುತ್ತದೆ. ಹತ್ತು ಸಾವಿರಕ್ಕೆ 256 ಕೆಬಿ ಅಂದರೆ ಸುಮಾರು ಎರಡೂವರೆ ಜಿಬಿ. ನೀವು ನೋಡಿದ ಅಂಕಿಗೆ ಬಹಳ ಹತ್ತಿರ ಅಲ್ವಾ?

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಸಿಗ್ರೂಪ್ ಮರದ ಬೇರಿನಲ್ಲಿ 'ಸಿಗ್ರೂಪ್.ಸ್ಟ್ಯಾಟ್' ಅನ್ನುವ ಫೈಲ್ ಇದೆ. ಅದರಲ್ಲಿ ಬದುಕಿರುವ ಸಿಗ್ರೂಪ್‌ಗಳ ಸಂಖ್ಯೆ ಒಂದು ಸಾಲು, ಸಾಯುತ್ತಿರುವವುಗಳ ಸಂಖ್ಯೆ ಇನ್ನೊಂದು ಸಾಲು. ಎರಡನೆಯದನ್ನು ಮೆಮ್‌ಇನ್ಫೋದ ಪರ್‌ಸಿಪಿಯು ಸಾಲಿನ ಜೊತೆ ಗಂಟೆಗೊಮ್ಮೆ ಬರೆದಿಡಿ. ಎರಡೂ ಜೊತೆಯಾಗಿ ಏರುತ್ತಿದ್ದರೆ ಉತ್ತರ ಸಿಕ್ಕಿತು. ಸಾಯುತ್ತಿರುವ ಸಂಖ್ಯೆ ನಿಂತಲ್ಲೇ ಇದ್ದು ಪರ್‌ಸಿಪಿಯು ಮಾತ್ರ ಏರುತ್ತಿದ್ದರೆ ಬೇರೆ ಕಡೆ ಹುಡುಕಬೇಕು. ನೆಟ್‌ವರ್ಕ್ ನೇಮ್‌ಸ್ಪೇಸ್‌ಗಳು, ಕಂಟೇನರ್‌ಗಳ ವೆತ್ ಎಂಬ ವರ್ಚುವಲ್ ನೆಟ್‌ವರ್ಕ್ ಜೋಡಿಗಳು, ಮೌಂಟ್‌ಗಳು, ಕರ್ನಲ್ ಒಳಗೆ ಓಡುವ ಸಣ್ಣ ಬಿಪಿಎಫ್ ಪ್ರೋಗ್ರಾಮ್‌ಗಳ ಪರ್‌ಸಿಪಿಯು ಮ್ಯಾಪ್‌ಗಳು, ಇವೆಲ್ಲ ಇದೇ ಜಾಗ ತಿನ್ನುತ್ತವೆ. ಬಿಪಿಎಫ್ ಮ್ಯಾಪ್‌ಗಳನ್ನು ಮರೆಯಬೇಡಿ. ಮಾನಿಟರಿಂಗ್ ಏಜೆಂಟ್ ಒಂದು ದೊಡ್ಡ ಪರ್‌ಸಿಪಿಯು ಹ್ಯಾಶ್ ಮ್ಯಾಪ್ ತೆರೆದಿಟ್ಟಿದ್ದರೆ ಮೆಮೊರಿ ಅಳೆಯಲು ಬಂದದ್ದೇ ಮೆಮೊರಿ ತಿನ್ನುತ್ತಿರುತ್ತದೆ. ಅಲ್ಲೂ ಏನೂ ಸಿಗದಿದ್ದರೆ ಕರ್ನಲ್‌ನ ಪರ್‌ಸಿಪಿಯು ಟ್ರೇಸ್‌ಪಾಯಿಂಟ್‌ಗಳನ್ನು ಪರ್ಫ್‌ನಲ್ಲಿ ಸ್ಟ್ಯಾಕ್ ಸಮೇತ ಹಿಡಿಯಿರಿ. ಕೊಟ್ಟದ್ದು, ಬಿಟ್ಟದ್ದು ಎರಡನ್ನೂ ವಿಳಾಸ ನೋಡಿ ಹೊಂದಿಸಿದರೆ ಹಿಂದಿರುಗದವು ಯಾರವು ಅಂತ ತಿಳಿಯುತ್ತದೆ. ನಿಜವಾದ ಲೀಕ್ ಇದ್ದರೆ ಇಲ್ಲಿ ಸಿಗುತ್ತದೆ.

ಪರೀಕ್ಷೆಗೆ ಅಂತ ಒಮ್ಮೆ ಡ್ರಾಪ್ ಕ್ಯಾಶಸ್ ಮಾಡಿ ನೋಡಬಹುದು. ಕ್ಯಾಶ್‌ನ ಪೇಜ್‌ಗಳು ಹೋದರೆ ಸತ್ತ ಸಿಗ್ರೂಪ್‌ಗಳೂ ಬಿಡುಗಡೆಯಾಗುತ್ತವೆ. ಆದರೆ ಅದನ್ನು ಕ್ರಾನ್‌ಗೆ ಹಾಕಬೇಡಿ. ಆ ಕ್ಷಣದಿಂದ ಎಲ್ಲ ಓದೂ ಡಿಸ್ಕ್‌ಗೆ ಹೋಗುತ್ತದೆ, ಗ್ರಾಹಕರಿಗೆ ನಿಧಾನ ಗೊತ್ತಾಗುತ್ತದೆ. ಜನಜಂಗುಳಿ ಇಲ್ಲದ ಹೊತ್ತಿನಲ್ಲಿ, ಒಂದೇ ಮಷೀನ್ ಮೇಲೆ, ಒಂದೇ ಸಲ.

ಆಗ ನೀವು ಇನ್ನೊಂದು ವಿಚಿತ್ರ ಕಾಣಬಹುದು. ಸಾಯುತ್ತಿರುವ ಸಂಖ್ಯೆ ಪಾತಾಳಕ್ಕೆ ಇಳಿಯುತ್ತದೆ, ಪರ್‌ಸಿಪಿಯು ಸಾಲು ಮಾತ್ರ ಅಷ್ಟು ಇಳಿಯುವುದಿಲ್ಲ. ಇದನ್ನು ನೋಡಿಯೇ ಬಹಳ ಜನ ಲೀಕ್ ಅಂತ ತೀರ್ಮಾನಿಸಿಬಿಡುತ್ತಾರೆ. ನಿಜ ಏನೆಂದರೆ, ನಿಮ್ಮ 5.10ರಲ್ಲಿ ಒಂದು ಚಂಕ್ ಪೂರ್ತಿ ಖಾಲಿಯಾದರೆ ಮಾತ್ರ ಅದರ ಪೇಜ್‌ಗಳು ಹಿಂದಿರುಗುತ್ತವೆ. ಆ ಚಂಕ್‌ನಲ್ಲಿ ಎಂಟು ಬೈಟ್‌ನ ಒಂದು ಸಣ್ಣ ವಸ್ತು ಬದುಕಿದ್ದರೂ 128 ಸಿಪಿಯುಗಳ ಪೇಜ್‌ಗಳೆಲ್ಲ ಹಾಗೇ ಕೂತಿರುತ್ತವೆ. ಬದುಕಿರುವುದನ್ನು ಬೇರೆ ಚಂಕ್‌ಗೆ ಸರಿಸಲು ಆಗುವುದಿಲ್ಲ, ಅದರ ವಿಳಾಸ ಯಾರ್ಯಾರ ಹತ್ತಿರವೋ ಇರುತ್ತದೆ. 2021ರ 5.14 ಕರ್ನಲ್‌ನಲ್ಲಿ ರೋಮನ್ ಗುಶ್ಚಿನ್ ಅವರ ಬದಲಾವಣೆ ಬಂತು. ಅಲ್ಲಿಂದ ಮುಂದೆ ಅರೆಬರೆ ಖಾಲಿಯಾದ ಚಂಕ್‌ನ ಖಾಲಿ ಪೇಜ್‌ಗಳನ್ನೂ ಬಿಡಿಸಿಕೊಳ್ಳಬಹುದು. 5.15 ಅಥವಾ ಅದಕ್ಕಿಂತ ಹೊಸ ಕರ್ನಲ್‌ಗೆ ಹೋಗಿ ಅಂತ ನಾನು ಹೇಳಲು ಇದೇ ಮುಖ್ಯ ಕಾರಣ.

ಆದರೆ ಕರ್ನಲ್ ಬದಲಿಸುವ ಮೊದಲು ಪಾಸಿಬಲ್ ಸಂಖ್ಯೆಯನ್ನು ಇಳಿಸಿ. ಎಲ್ಲಕ್ಕಿಂತ ದೊಡ್ಡ ಲಾಭ ಅಲ್ಲೇ ಇದೆ, ಅದೂ ಒಂದು ರೀಬೂಟ್‌ನ ಬೆಲೆಗೆ. ಹೈಪರ್‌ವೈಸರ್‌ನಲ್ಲಿ ಆ ಮಷೀನ್‌ಗೆ ಸಿಪಿಯು ಹಾಟ್ ಆಡ್ ಆಫ್ ಮಾಡುವುದು ಶುದ್ಧವಾದ ದಾರಿ. ಅದು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಕರ್ನಲ್ ಬೂಟ್ ಸಾಲಿಗೆ 'ಪಾಸಿಬಲ್‌_ಸಿಪಿಯೂಸ್' 8 ಅಂತ ಸೇರಿಸಿ. 'ಎನ್‌ಆರ್‌_ಸಿಪಿಯೂಸ್' ಕೂಡ ಇದೇ ಕೆಲಸ ಮಾಡುತ್ತದೆ. ಇದರ ಬೆಲೆ ಏನು ಅಂದರೆ, ನಾಳೆ ಯಾರೋ ಹೈಪರ್‌ವೈಸರ್‌ನಲ್ಲಿ 16 ಸಿಪಿಯು ಕೊಟ್ಟರೂ ಮಷೀನ್ ಎಂಟನ್ನೇ ಬಳಸುತ್ತದೆ, ಕಾರಣ ಯಾರಿಗೂ ತಕ್ಷಣ ಹೊಳೆಯುವುದಿಲ್ಲ. ಹಾಗಾಗಿ ಈ ಬದಲಾವಣೆಯನ್ನು ನಿಮ್ಮ ತಂಡದ ದಾಖಲೆಯಲ್ಲಿ ಬರೆದಿಡಿ. ಬೆಳೆಯುವ ಸಾಧ್ಯತೆ ಇದ್ದರೆ 8ರ ಬದಲು 16 ಇಡಿ. 128ರಿಂದ 16ಕ್ಕೆ ಇಳಿದರೂ ಎಂಟರಲ್ಲಿ ಒಂದು ಪಾಲಾಗುತ್ತದೆ.

'ಮ್ಯಾಕ್ಸ್‌ಸಿಪಿಯೂಸ್' ಅಂತ ಇನ್ನೊಂದು ಬೂಟ್ ಆಯ್ಕೆ ಇದೆ. ಹೆಸರು ನೋಡಿ ಮೋಸ ಹೋಗಬೇಡಿ. ಅದು ಬೂಟ್ ಹೊತ್ತಿನಲ್ಲಿ ಎಷ್ಟನ್ನು ಎಬ್ಬಿಸಬೇಕು ಅನ್ನೋದನ್ನು ಮಾತ್ರ ಮಿತಿ ಮಾಡುತ್ತದೆ, ಪಾಸಿಬಲ್ ಹಾಗೇ ಇರುತ್ತದೆ. ಓಡುತ್ತಿರುವ ಮಷೀನ್‌ನಲ್ಲಿ ಸಿಪಿಯುಗಳನ್ನು ಆಫ್‌ಲೈನ್ ಮಾಡಿದರೂ ಒಂದು ಕೆಬಿ ಉಳಿಯುವುದಿಲ್ಲ.

ನಿಮಿಷಕ್ಕೊಂದು ಹುಟ್ಟುವ ಕಂಟೇನರ್‌ಗಳ ಬಗ್ಗೆಯೂ ಯೋಚಿಸಿ. ಆ ಕೆಲಸಕ್ಕೆ ಒಂದೇ ಕಂಟೇನರ್ ಸದಾ ಓಡುತ್ತಾ ಒಳಗೇ ಟೈಮರ್ ಇಟ್ಟುಕೊಂಡರೆ ಸಿಗ್ರೂಪ್ ಒಂದೇ ಆಗುತ್ತದೆ. ಅದು ನಿಮ್ಮ ಡೆವಲಪರ್‌ಗಳ ಜೊತೆ ಕೂತು ಮಾತಾಡಬೇಕಾದ ವಿಷಯ.

ಇನ್ನು ನಿಮ್ಮ ಮಾಡ್ಯೂಲ್. ಇಲ್ಲಿ ನಾನು ನೇರವಾಗಿ ಹೇಳುತ್ತೇನೆ: ಫ್ಲೋಗೊಂದು ಪರ್‌ಸಿಪಿಯು ಕೌಂಟರ್ ಬೇಡ.

ಮೊದಲು ಲೆಕ್ಕ. 50,000 ಫ್ಲೋ, 64 ಬೈಟ್, 128 ಸಿಪಿಯು. ಗುಣಿಸಿದರೆ 40,96,00,000 ಬೈಟ್, ಹೆಚ್ಚುಕಡಿಮೆ 390 ಎಂಬಿ. ಪಾಸಿಬಲ್ ಅನ್ನು ಎಂಟಕ್ಕೆ ಇಳಿಸಿದರೆ 25 ಎಂಬಿಗೆ ಬರುತ್ತದೆ ನಿಜ, ಆದರೆ ನಿಮ್ಮ ಮಾಡ್ಯೂಲ್ ನಾಳೆ 256 ಕೋರ್‌ನ ಮಷೀನ್ ಮೇಲೂ ಓಡಬಹುದು.

ಲೆಕ್ಕಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಒಂದು ಫ್ಲೋದ ಪ್ಯಾಕೆಟ್‌ಗಳು ಎಲ್ಲ ಸಿಪಿಯುಗಳಿಗೂ ಹರಡುವುದಿಲ್ಲ. ಪ್ಯಾಕೆಟ್‌ಗಳನ್ನು ಸಿಪಿಯುಗಳಿಗೆ ಹಂಚುವ, ನೆಟ್‌ವರ್ಕ್ ಕಾರ್ಡ್‌ನ ಆರ್‌ಎಸ್‌ಎಸ್ ಸೌಲಭ್ಯ ವಿಳಾಸ ಮತ್ತು ಪೋರ್ಟ್ ಹ್ಯಾಶ್ ಮಾಡಿ ಕ್ಯೂ ಆರಿಸುತ್ತದೆ. ಒಂದೇ ಫ್ಲೋ, ಒಂದೇ ಹ್ಯಾಶ್, ಒಂದೇ ಕ್ಯೂ, ಒಂದೇ ಸಿಪಿಯು. ಅಂದರೆ ನಿಮ್ಮ 128 ಪ್ರತಿಗಳಲ್ಲಿ ಒಂದೆರಡರಲ್ಲಿ ಮಾತ್ರ ಅಂಕಿ ಇರುತ್ತದೆ, ಉಳಿದವು ಕೊನೆವರೆಗೂ ಸೊನ್ನೆ. ಪೈಪೋಟಿಯೇ ಇಲ್ಲದ ಕಡೆ ಪೈಪೋಟಿ ತಪ್ಪಿಸಲು ಮೆಮೊರಿ ಸುರಿದಂತಾಯಿತು. ಫ್ಲೋ ಒಳಗೆ ಸಾಮಾನ್ಯ 64 ಬಿಟ್ ಅಟಾಮಿಕ್ ಕೌಂಟರ್ ಇಡಿ, ಸಾಕು. ಅದರ ಕ್ಯಾಶ್ ಲೈನ್ ಹೇಗೂ ಅದೇ ಸಿಪಿಯು ಹತ್ತಿರ ಇರುತ್ತದೆ. ಪರ್‌ಸಿಪಿಯು ಬೇಕಾದದ್ದು ಎಲ್ಲ ಪ್ಯಾಕೆಟ್‌ಗಳೂ ಮುಟ್ಟುವ ಕೌಂಟರ್‌ಗಳಿಗೆ: ಒಟ್ಟು ಪ್ಯಾಕೆಟ್, ಒಟ್ಟು ಬೈಟ್, ಬಿಸಾಕಿದ್ದು, ಟೇಬಲ್ ತುಂಬಿದ್ದು. ವಸ್ತು ಕಡಿಮೆ, ಮುಟ್ಟುವ ಸಿಪಿಯು ಜಾಸ್ತಿ ಇರುವಲ್ಲಿ ಪರ್‌ಸಿಪಿಯು ದುಡ್ಡಿಗೆ ತಕ್ಕ ಬೆಲೆ ಕೊಡುತ್ತದೆ. ವಸ್ತು ಸಾವಿರಾರು, ಮುಟ್ಟುವವರು ಒಬ್ಬಿಬ್ಬರು ಇರುವಲ್ಲಿ ಕೊಡುವುದಿಲ್ಲ.

ಫ್ಲೋಗೇ ಪರ್‌ಸಿಪಿಯು ಇಟ್ಟುಕೊಂಡರೆ ಇನ್ನೊಂದು ಹಳ್ಳವೂ ಕಾದಿದೆ. ಹೊಸ ಫ್ಲೋ ಹುಟ್ಟುವುದು ಕರ್ನಲ್ ಪ್ಯಾಕೆಟ್‌ಗಳನ್ನು ಸಂಸ್ಕರಿಸುವ ಸಾಫ್ಟ್‌ಐಆರ್‌ಕ್ಯೂ ಒಳಗೆ, ಅಲ್ಲಿ ಮಲಗುವಂತಿಲ್ಲ, ಅಂದರೆ ಕಾಯುತ್ತಾ ನಿಲ್ಲುವಂತಿಲ್ಲ. ಸಾಮಾನ್ಯ 'ಅಲಾಕ್‌_ಪರ್‌ಸಿಪಿಯು' ಮಲಗಬಹುದು. ಮಲಗದೆ ಕೊಡು ಅನ್ನುವ ಜಿಎಫ್‌ಪಿ ಅಟಾಮಿಕ್ ಸೂಚನೆ ಕೊಟ್ಟು ಕೇಳಬಹುದು, ಆದರೆ ಆಗ ಅಲೊಕೇಟರ್ ಹೊಸ ಪೇಜ್ ತರುವುದಿಲ್ಲ, ಈಗಾಗಲೇ ತಂದಿಟ್ಟ ಪೇಜ್‌ಗಳಿಂದ ಮಾತ್ರ ಕೊಡುತ್ತದೆ. ಹಾಗೆ ಖಾಲಿ ಇಟ್ಟುಕೊಳ್ಳುವುದು ಎರಡರಿಂದ ನಾಲ್ಕು ಪೇಜ್. ಎರಡು ಪೇಜ್ ಅಂದರೆ 64 ಬೈಟ್‌ನ 128 ವಸ್ತು. ಅಷ್ಟರೊಳಗೆ ಹಿನ್ನೆಲೆಯ ವರ್ಕ್‌ಕ್ಯೂ ಎದ್ದು ಹೊಸ ಪೇಜ್ ತರಬೇಕು. ಒಮ್ಮೆಲೇ ಸಾವಿರಾರು ಹೊಸ ಫ್ಲೋ ಬಂದರೆ ಪರ್‌ಸಿಪಿಯು ಅಲೊಕೇಶನ್ ವಿಫಲವಾಗಬಹುದು. ಟೆಸ್ಟ್‌ನಲ್ಲಿ ಇದು ಕಾಣುವುದಿಲ್ಲ. ದಾಳಿ ಬಂದ ದಿನ ಕಾಣುತ್ತದೆ, ನಿಮ್ಮ ಎಣಿಕೆ ನಿಜವಾಗಿ ಬೇಕಾಗುವುದೂ ಅವತ್ತೇ.

ಹಾಗಂತ ಡಿಫೈನ್ ಮ್ಯಾಕ್ರೊ ಬಳಸಿ ಮಾಡ್ಯೂಲ್‌ನಲ್ಲೇ ದೊಡ್ಡ ಸ್ಥಿರ ಪರ್‌ಸಿಪಿಯು ಅರೇ ಮಾಡಿಬಿಡೋಣ ಅಂದುಕೊಳ್ಳಬೇಡಿ. ಮೇಲೆ ನೋಡಿದ 8,192 ಬೈಟ್ ಮೀಸಲು ಇದೆಯಲ್ಲ, ಮಷೀನ್‌ನ ಎಲ್ಲ ಮಾಡ್ಯೂಲ್‌ಗಳೂ ಅದನ್ನೇ ಹಂಚಿಕೊಳ್ಳಬೇಕು. ತುಂಬಿದ್ದರೆ ನಿಮ್ಮ ಮಾಡ್ಯೂಲ್ ಲೋಡ್ ಆಗುವುದೇ ಇಲ್ಲ. ಓಡುವಾಗ ಕೇಳುವುದಕ್ಕೂ ಮಿತಿ ಇದೆ, ಒಂದು ಸಲಕ್ಕೆ ಸಿಪಿಯುಗೆ 32 ಕೆಬಿ ದಾಟುವಂತಿಲ್ಲ. ನಿಮ್ಮ ನಾಲ್ಕಾರು ಒಟ್ಟು ಕೌಂಟರ್‌ಗಳನ್ನು ಒಂದೇ ಸ್ಟ್ರಕ್ಟ್‌ನಲ್ಲಿಟ್ಟು ಮಾಡ್ಯೂಲ್ ಶುರುವಾಗುವಾಗ ಒಮ್ಮೆ ಅಲೊಕೇಟ್ ಮಾಡಿ. ಅಲ್ಲಿ ಮಲಗಿದರೂ ತೊಂದರೆಯಿಲ್ಲ, ಸಿಗದಿದ್ದರೆ ಮರ್ಯಾದೆಯಾಗಿ ಹಿಂದಿರುಗಬಹುದು. ಸಿಗುವ ಜಾಗ ಸೊನ್ನೆ ತುಂಬಿಯೇ ಬರುತ್ತದೆ.

ಲಾಕ್ ಬೇಕಿಲ್ಲ ಅನ್ನುವ ಮಾತು ಒಂದು ಮಟ್ಟಿಗೆ ಮಾತ್ರ ಸರಿ. 'ದಿಸ್‌_ಸಿಪಿಯು‌_ಇಂಕ್' ಎಕ್ಸ್86ರಲ್ಲಿ ಒಂದೇ ಇನ್‌ಸ್ಟ್ರಕ್ಷನ್. ಮಧ್ಯದಲ್ಲಿ ಇಂಟರಪ್ಟ್ ಬಂದು ಕೆಡಿಸಲಾಗದು. ಆದರೆ 'ದಿಸ್‌_ಸಿಪಿಯು‌_ಪಿಟಿಆರ್' ಕರೆದು ಪಾಯಿಂಟರ್ ಇಟ್ಟುಕೊಂಡಿರಿ ಅಂದುಕೊಳ್ಳಿ. ಮುಂದಿನ ಸಾಲಿಗೆ ಬರುವಷ್ಟರಲ್ಲಿ ನಿಮ್ಮ ಥ್ರೆಡ್ ಬೇರೆ ಸಿಪಿಯುಗೆ ಹೋಗಿರಬಹುದು. ಈಗ ನೀವು ಬರೆಯುತ್ತಿರುವುದು ಇನ್ನೊಬ್ಬರ ಪ್ರತಿಗೆ, ಅದೇ ಹೊತ್ತಿಗೆ ಅವರೂ ಬರೆಯುತ್ತಿರಬಹುದು. ಪ್ರೀಎಂಪ್ಷನ್ (ನಡುವೆ ಥ್ರೆಡ್ ತಡೆದು ಬೇರೆಯದನ್ನು ಓಡಿಸುವುದು) ನಿಲ್ಲಿಸಿ ಕೆಲಸ ಮುಗಿಸಿ ಬಿಡಬೇಕು. ಪ್ಯಾಕೆಟ್ ದಾರಿಯಲ್ಲಿ ಸಾಫ್ಟ್‌ಐಆರ್‌ಕ್ಯೂ ಒಳಗೇ ಇರುವುದರಿಂದ ಬಚಾವ್. ಅದೇ ಕೌಂಟರನ್ನು ಸಿಸ್ಟಮ್ ಕಾಲ್ ದಾರಿಯಿಂದಲೂ ಮುಟ್ಟಿದರೆ ಅಲ್ಲಿ ಬಾಟಮ್ ಹಾಫ್, ಅಂದರೆ ಸಾಫ್ಟ್‌ಐಆರ್‌ಕ್ಯೂ, ನಿಲ್ಲಿಸಬೇಕು. ರಿಯಲ್‌ಟೈಮ್ ಕರ್ನಲ್ ಮೇಲೂ ಓಡಬೇಕಾದರೆ 5.8ರಿಂದ ಇರುವ ಲೋಕಲ್ ಲಾಕ್ ಬಳಸಿ. ಡೀಬಗ್ ಪ್ರೀಎಂಪ್ಟ್ ಆಯ್ಕೆ ಇರುವ ಕರ್ನಲ್‌ನಲ್ಲಿ ಒಮ್ಮೆ ಓಡಿಸಿ. ಇಂಥ ತಪ್ಪು ಎಷ್ಟೋ ಅಲ್ಲೇ ಸಿಕ್ಕಿಬೀಳುತ್ತವೆ.

ಕೌಂಟರ್‌ಗಳನ್ನು ಸೊನ್ನೆ ಮಾಡುವ ಸೌಲಭ್ಯ ಕೊಡುತ್ತೀರಾದರೆ ಬೇರೆ ಸಿಪಿಯುವಿನ ಪ್ರತಿಗೆ ಕೈ ಹಾಕಿ ಸೊನ್ನೆ ಬರೆಯಬೇಡಿ. ಅದು ಏರಿಸುತ್ತಿರುವ ಕ್ಷಣದಲ್ಲೇ ನೀವು ಬರೆದರೆ ಹಳೆಯ ಅಂಕಿ ಮತ್ತೆ ಎದ್ದು ಬರುತ್ತದೆ. ಆ ಹೊತ್ತಿನ ಒಟ್ಟನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡು ತೋರಿಸುವಾಗ ಕಳೆಯಿರಿ. ಕೂಡಿಸುವಾಗ ಆನ್‌ಲೈನ್ ಸಿಪಿಯುಗಳನ್ನು ಮಾತ್ರ ಸುತ್ತಬೇಡಿ, ಪಾಸಿಬಲ್ ಎಲ್ಲವನ್ನೂ ಸುತ್ತಿ. ಒಂದು ಸಿಪಿಯು ಆಫ್‌ಲೈನ್ ಆದರೂ ಅದು ಎಣಿಸಿದ್ದು ಅದರ ಪ್ರತಿಯಲ್ಲೇ ಇರುತ್ತದೆ. ಆನ್‌ಲೈನ್ ಮಾತ್ರ ಕೂಡಿಸಿದರೆ ಒಟ್ಟು ಪ್ಯಾಕೆಟ್ ಸಂಖ್ಯೆ ಒಂದು ದಿನ ಇದ್ದಕ್ಕಿದ್ದಂತೆ ಕಡಿಮೆಯಾಗುತ್ತದೆ. ಏರುತ್ತಲೇ ಹೋಗಬೇಕಾದ ಕೌಂಟರ್ ಇಳಿದದ್ದನ್ನು ನಿಮ್ಮ ಮಾನಿಟರಿಂಗ್ ರೀಬೂಟ್ ಅಂತಲೋ ಓವರ್‌ಫ್ಲೋ ಅಂತಲೋ ತಿಳಿದು ಗ್ರಾಫ್‌ನಲ್ಲಿ ಸುಮ್ನೆ ಒಂದು ದೊಡ್ಡ ಗೋಪುರ ಎಬ್ಬಿಸುತ್ತದೆ.